ವೈಡ್ ರಿಸೀವರ್‌ನ ಬೊಗಸೆ

ಎಂಬತ್ತರ ದಶಕದಲ್ಲಿ ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್‌ನಲ್ಲಿ ನಮ್ಮದೊಂದು ಪುಟ್ಟ ಕ್ಲಿನಿಕ್ ಇತ್ತು. ನಾನು ಡಾಕ್ಟರು, ನನ್ನ ಹೆಂಡತಿಯೇ ರಿಸೆಪ್ಷನಿಸ್ಟು. ಒಂದು ದಿನ ಆಜಾನುಬಾಹು ಅಮೆರಿಕನ್ ಒಬ್ಬ ಬೆರಳು ನೋವೆಂದು ಬಂದ. ಅವನು ತಂದಿದ್ದ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿದೆ. ಮುರಿದು ಸೊಟ್ಟಗೆ ಕೂಡಿಕೊಳ್ಳದ ಬೆರಳೇ ಇರಲಿಲ್ಲ.

"ಏನು ಕೆಲಸ ಮಾಡ್ತಿದ್ರಿ?"

"ಅಮೆರಿಕನ್ ಫುಟ್‌ಬಾಲ್‌ನಲ್ಲಿ ವೈಡ್ ರಿಸೀವರ್. ದೂರದಿಂದ ಎಸೆದ ಚೆಂಡನ್ನ ಓಡ್ತಾ ಹಿಡಿಯೋದು. ಮಂಡಿ ಸೋಲೋ ತನಕ ಅದೇ ಕಸುಬು."

"ಹಿಡಿಯುವಾಗ ಬಂದು ಗುದ್ದುತ್ತಾರಲ್ಲ, ಹೆದರಿಕೆ ಆಗ್ತಿರಲಿಲ್ವಾ?"

"ಗುದ್ದೋನನ್ನ ನೋಡಿದ್ರೆ ಚೆಂಡು ಹೋಯ್ತು ಡಾಕ್ಟ್ರೇ. ಅದು ಕೈಗೆ ಬರೋ ತನಕ ಕಣ್ಣು ಅದರ ಮೇಲೇ ಇರಬೇಕು."

ಅವತ್ತು ಗಣೇಶನ ಹಬ್ಬ. ಅವನು ಹೊರಡುವಾಗ ನನ್ನ ಹೆಂಡತಿ ಪ್ರಸಾದ ಅಂತ ಒಂದು ಕಡುಬು ಕೊಡಲು ಹೋದಳು. ಯಾರೂ ಹೇಳಿಕೊಡದೆ ಅವನು ಆ ಸೊಟ್ಟ ಬೆರಳುಗಳನ್ನೆಲ್ಲ ಜೋಡಿಸಿ ಬೊಗಸೆ ಒಡ್ಡಿದ. ಕಡುಬು ಕೈಗೆ ಬೀಳುವ ತನಕ ಕಣ್ಣು ಕೀಳಲಿಲ್ಲ. ಬಿದ್ದದ್ದೇ ಎದೆಗೆ ಒತ್ತಿಕೊಂಡ. ಅಷ್ಟು ಶ್ರದ್ಧೆಯಿಂದ ಪ್ರಸಾದ ತೆಗೆದುಕೊಂಡವರನ್ನು ನಾನು ಮೈಸೂರಿನಲ್ಲೂ ಕಂಡಿರಲಿಲ್ಲ.

ಅವನು ಹೋದ ಮೇಲೆ ಎಕ್ಸ್‌ರೇ ನೋಡುತ್ತಲೇ, "ನಂಗೂ ಒಂದು ಕೊಡೇ" ಅಂತ ಎಡಗೈ ಚಾಚಿದೆ. ಅವಳು ಡಬ್ಬಿಯ ಮುಚ್ಚಳ ಹಾಕಿಬಿಟ್ಟಳು.