ಅರ್ಥವಾಯಿತೇ ಎಂದು ಕೇಳುವ ಸ್ಲೇಟು

"ಮಕ್ಕಳಿಗೆ ಇದನ್ನ ಹೇಳಿಕೊಟ್ಟವರು ಯಾರು?" ಎಂದು ಶಾಲೆ ನೋಡಲು ಬಂದ ಸಾಹೇಬರು ಕೇಳಿದಾಗ ನಾನು "ನಾನೇ" ಎನ್ನಬೇಕಿತ್ತು. ಅನ್ನಲಿಲ್ಲ. ಕೇಳಿಸಲಿಲ್ಲವೆಂದು ಹೇಳುವಂತಿಲ್ಲ, ಸಾಹೇಬರ ದನಿ ದೊಡ್ಡದು, ತರಗತಿ ಸಣ್ಣದು. ಸಾರಿನ ಸೌಟು ಹಿಡಿದು ಬಾಗಿಲಲ್ಲೇ ನಿಂತಿದ್ದೆ. ನನ್ನ ಬದಲು ನನ್ನ ತಂಗಿ ತಲೆ ತಗ್ಗಿಸಿದಳು.

ತಂಗಿ ಸುಮಾ ಆ ಶಾಲೆಯ ಅತಿಥಿ ಶಿಕ್ಷಕಿ, ನಾನು ಅದೇ ಶಾಲೆಯ ಬಿಸಿಯೂಟದ ಅಡುಗೆಯವಳು. ಅತಿಥಿ ಶಿಕ್ಷಕಿಯನ್ನು ಪ್ರತಿ ವರ್ಷ ಹೊಸದಾಗಿ ಕರೆಯಬೇಕು. ಕರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಅಡುಗೆಯವಳನ್ನು ಯಾರೂ ಕರೆಯುವುದೂ ಇಲ್ಲ, ಹೋಗು ಎನ್ನುವುದೂ ಇಲ್ಲ. ಒಲೆಯ ಹಾಗೆ ಇದ್ದಲ್ಲೇ ಇರುತ್ತಾಳೆ.

ಎನ್.ಆರ್. ಪುರದ ಕಡೆಯ ಆ ಸಣ್ಣ ಶಾಲೆಗೆ ಯಾರೋ ದಾನಿಗಳು ಟ್ಯಾಬುಗಳನ್ನು ಕೊಟ್ಟರು. ನೋಡಲು ಸ್ಲೇಟಿನ ಹಾಗೆಯೇ ಇದ್ದವು, ಆದರೆ ಎಂಜಲು ಹಚ್ಚಿ ಒರೆಸುವಂತಿರಲಿಲ್ಲ. ಮೊದಲ ದಿನ ಇಬ್ಬರು ಒರೆಸಿಯೂ ನೋಡಿದರು. ಅದರೊಳಗೆ ಒಬ್ಬ ಹೆಂಗಸು ಬಹಳ ಶುದ್ಧವಾದ ಕನ್ನಡದಲ್ಲಿ ಪಾಠ ಹೇಳುತ್ತಿದ್ದಳು. ಭಿನ್ನರಾಶಿಗೆಂದು, ಮೇಲೆ ತರಕಾರಿ ಹರಡಿದ ದುಂಡಗಿನ ಪೇಟೆ ರೊಟ್ಟಿಯೊಂದನ್ನು ಎಂಟು ತುಂಡು ಮಾಡಿ ತೋರಿಸುತ್ತಿದ್ದಳು. "ಅದು ಉತ್ತಪ್ಪ ಅಕ್ಕಾ. ಮಗುಚಿ ಹಾಕೋದು ಮರ್ತಿದಾಳೆ" ಎಂದು ಐದನೇ ತರಗತಿಯ ಅಶ್ವಿನಿ ಅಡುಗೆಮನೆಗೆ ಬಂದು ವರದಿ ಒಪ್ಪಿಸಿದಳು. ಭಿನ್ನರಾಶಿಯ ಬಗ್ಗೆ ನಾನು ಏನೂ ಹೇಳುವಂತಿಲ್ಲ. ಅದು ತರಗತಿಯೊಳಗೆ ಬಂದ ವರ್ಷವೇ ನಾನು ಶಾಲೆಯಿಂದ ಹೊರಗೆ ಬಂದವಳು. ಇಬ್ಬರಿಗೂ ಒಂದೇ ಕೋಣೆಯಲ್ಲಿ ಜಾಗ ಸಾಲುತ್ತಿರಲಿಲ್ಲ.

ಸುಮಾಳಿಗೆ ಮಾತ್ರ ಟ್ಯಾಬೆಂದರೆ ಪ್ರಾಣ. ಅವಳೊಬ್ಬಳಿಗೇ ಎರಡು ತರಗತಿ. ನಾಲ್ಕನೆಯವರಿಗೆ ಅವಳು ಪಾಠ ಮಾಡುವಾಗ ಐದನೆಯವರು ಪಕ್ಕದ ಕೋಣೆಯಲ್ಲಿ ಟ್ಯಾಬಿನ ಮುಂದೆ ಕೂರುತ್ತಿದ್ದರು. "ನಂಗೆ ಒಬ್ಬಳು ಜೊತೆ ಟೀಚರ್ ಸಿಕ್ಕಿದ ಹಾಗಾಯ್ತು ಅಕ್ಕಾ" ಎನ್ನುತ್ತಿದ್ದಳು. ಪಾಠ ಮುಗಿದ ಮೇಲೆ ಪರದೆಯ ಹೆಂಗಸು "ನಿಮಗೆ ಅರ್ಥವಾಯಿತೇ?" ಎಂದು ಕೇಳುತ್ತಾಳೆ. ಕೆಳಗೆ ಹಸಿರು ಬಣ್ಣದಲ್ಲಿ ಹೌದು, ಕೆಂಪು ಬಣ್ಣದಲ್ಲಿ ಇಲ್ಲ. ಹೌದು ಒತ್ತಿದರೆ ನಕ್ಷತ್ರಗಳು ಉದುರಿ ಪಾಠ ಮುಚ್ಚಿಕೊಳ್ಳುತ್ತದೆ. ಇಲ್ಲ ಒತ್ತಿದರೆ ಉತ್ತಪ್ಪ ಮತ್ತೆ ಮೊದಲಿನಿಂದ. "ಅರ್ಥ ಆಗ್ದಿದ್ರೆ ನಾಚಿಕೆ ಇಲ್ದೆ ಇಲ್ಲ ಅಂತ ಒತ್ತಿ" ಎಂದು ಸುಮಾ ಮಕ್ಕಳಿಗೆ ಹೇಳಿದ್ದಳು. ಪಾಠ ಮುಗಿಯದೆ ಊಟಕ್ಕೆ ಏಳಬಾರದೆಂದೂ ಹೇಳಿದ್ದಳು. ಇದರಲ್ಲಿ ಎರಡನೆಯ ಮಾತು ನನ್ನ ಇಲಾಖೆಗೆ ಸೇರಿದ್ದು.

ಒಂದು ಮಧ್ಯಾಹ್ನ ಅನ್ನ ಇಳಿಸಿ ಎಷ್ಟೋ ಹೊತ್ತಾದರೂ ಐದನೆಯವರು ಬರಲಿಲ್ಲ. ಹೋಗಿ ನೋಡಿದೆ.

"ಎಂತ ಮಾಡ್ತಿದೀರಾ ಇನ್ನೂ?"

"ಇದು ಬಿಡಲ್ಲ ಅಕ್ಕಾ. ಅರ್ಥ ಆಯ್ತಾ ಅಂತ ಕೇಳ್ತದೆ. ಇಲ್ಲ ಅಂದ್ರೆ ಮತ್ತೆ ಶುರು ಮಾಡ್ತದೆ" ಎಂದಳು ಅಶ್ವಿನಿ.

"ಆಯ್ತು ಅಂದ್ಬಿಡ್ರೋ ಮಾರಾಯ್ರೇ! ಅನ್ನ ತಣ್ಣಗಾಗ್ತದೆ."

ಎಲ್ಲರೂ ಹೌದು ಒತ್ತಿದರು. ನಕ್ಷತ್ರ ಉದುರಿತು. ಅನ್ನ ಬಿಸಿಯಾಗಿಯೇ ಇತ್ತು. ಆಮೇಲೆ ನಾನು ಹೋಗಿ ಹೇಳಬೇಕಾಗಿಯೇ ಬರಲಿಲ್ಲ. ಒಗ್ಗರಣೆಯ ಸದ್ದು ಕೇಳಿದರೆ ಸಾಕು, ಇಡೀ ತರಗತಿಗೆ ಪಾಠ ಅರ್ಥವಾಗುತ್ತಿತ್ತು.

ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಅರ್ಥವಾಯಿತೇ ಎಂದು ಯಾರಾದರೂ ಕೇಳಿದರೆ ಹೌದು ಎನ್ನುವುದು ನಮ್ಮ ಕಡೆ ಒಂದು ಮರ್ಯಾದೆ. ಡಾಕ್ಟರು ಮಾತ್ರೆಯ ಲೆಕ್ಕ ಹೇಳಿದರೆ ಹೌದು. ಬ್ಯಾಂಕಿನವರು ಬಡ್ಡಿ ವಿವರಿಸಿದರೆ ಹೌದು. ಒಮ್ಮೆ ಶೃಂಗೇರಿಯಲ್ಲಿ ಸಂಸ್ಕೃತದ ಉಪನ್ಯಾಸವೊಂದಕ್ಕೆ ಹೋಗಿ ಕೂತಿದ್ದೆ. ಒಂದಕ್ಷರ ತಿಳಿಯಲಿಲ್ಲ. ಪಕ್ಕದಲ್ಲಿ ಕೂತ ಹಿರಿಯರೊಬ್ಬರು ಆಗಾಗ ತಲೆದೂಗುತ್ತಿದ್ದರು, ಅವರು ದೂಗಿದಾಗೆಲ್ಲ ನಾನೂ ದೂಗಿದೆ. ಹೊರಗೆ ಬಂದಾಗ ಅವರು, "ನಿಮಗೆ ಚೆನ್ನಾಗಿ ತಿಳೀತದೆ ಅಂತ ಕಾಣ್ತದೆ. ನಾನು ನಿಮ್ಮನ್ನೇ ನೋಡ್ಕೊಂಡು ತಲೆ ಆಡಿಸ್ತಿದ್ದೆ" ಎಂದರು. ಉಪನ್ಯಾಸಕರು ನಮ್ಮಿಬ್ಬರನ್ನೂ ನೋಡಿ ಬಹಳ ಉತ್ಸಾಹದಿಂದ ಇನ್ನೂ ಅರ್ಧ ಗಂಟೆ ಮಾತಾಡಿದ್ದರು.

ಟ್ಯಾಬು ನಮ್ಮ ಮರ್ಯಾದೆಯನ್ನೆಲ್ಲ ಲೆಕ್ಕವಿಟ್ಟು ತಾಲೂಕಿಗೆ ಕಳಿಸುತ್ತದೆಂದು ನನಗೆ ಗೊತ್ತಿರಲಿಲ್ಲ. ಈ ಶಾಲೆಯಲ್ಲಿ ಎಲ್ಲ ಮಕ್ಕಳಿಗೂ ಎಲ್ಲ ಪಾಠವೂ ಒಂದೇ ಸಲಕ್ಕೆ ಅರ್ಥವಾಗುತ್ತದೆಂದು ಅಲ್ಲಿಗೆ ಸುದ್ದಿ ಹೋಯಿತು. ಸಭೆಯೊಂದರಲ್ಲಿ ಸುಮಾಳಿಗೆ ಚಪ್ಪಾಳೆ ಹೊಡೆದರಂತೆ. ಆಮೇಲೆ ಈ ಅದ್ಭುತವನ್ನು ಕಣ್ಣಾರೆ ನೋಡಲು ತಾಲೂಕಿನ ಸಾಹೇಬರು ಬಂದರು.

"ಎಂಟು ತುಂಡಲ್ಲಿ ಎರಡು ತಿಂದ್ರೆ ಎಷ್ಟನೇ ಒಂದು ಭಾಗ ತಿಂದ ಹಾಗಾಯ್ತು?" ಎಂದು ಅಶ್ವಿನಿಯನ್ನು ಕೇಳಿದರು.

ಅವಳು ಯೋಚಿಸಿ, "ಯಾರು ತಿಂದಿದ್ದು ಸಾರ್?" ಎಂದಳು.

ಬೇರೆಯವರಿಂದ ಅಷ್ಟೂ ಬರಲಿಲ್ಲ. "ಪಾಠ ಅರ್ಥ ಆಗಿದೆಯೇನ್ರೋ?" ಎಂದಾಗ ಮಾತ್ರ ಇಡೀ ತರಗತಿ "ಹೌದು ಸಾರ್" ಎಂದು ಕೂಗಿತು. ನಾನು ಮೊದಲು ಹೇಳಿದೆನಲ್ಲ, ತಿಳಿಯದಿದ್ದರೂ ಹೌದೆನ್ನಲು ಹೇಳಿಕೊಟ್ಟವರು ಯಾರೆಂಬ ಆ ಪ್ರಶ್ನೆಯನ್ನು ಅವರು ಕೇಳಿದ್ದು ಆಗಲೇ. ಮಕ್ಕಳು ಬಾಗಿಲ ಕಡೆ ನೋಡಿದರು. ಅಷ್ಟೇ, ಅನ್ನ ಬಡಿಸುವವಳನ್ನು ಯಾರೂ ಹಿಡಿದುಕೊಡುವುದಿಲ್ಲ. ಮಕ್ಕಳಿಗೂ ಬಾಗಿಲಿಗೂ ನಡುವೆ ಸುಮಾ ನಿಂತಿದ್ದಳು. ಸಾಹೇಬರ ನೋಟ ಅವಳವರೆಗೆ ಬಂದು ಅಲ್ಲೇ ನಿಂತಿತು.

"ನಾನು ಸರಿಯಾಗಿ ನೋಡ್ಕೋಬೇಕಿತ್ತು ಸಾರ್" ಎಂದಳು ಸುಮಾ.

ಸಾರು ತಳ ಹಿಡಿಯುತ್ತದೆಂದು ನಾನು ಒಳಗೆ ಹೋದೆ. ತಳ ಹಿಡಿದಿರಲಿಲ್ಲ.

ಮುಂದಿನ ವರ್ಷ ಅವಳನ್ನು ಆ ಶಾಲೆಗೆ ಕರೆಯಲಿಲ್ಲ. ಜಯಪುರದಿಂದಲೂ ಆಚೆಗಿನ ಒಂದು ಶಾಲೆ ಸಿಕ್ಕಿತು. ಬೆಳಗಾಗುವ ಮೊದಲೇ ಎದ್ದು ಕೊಪ್ಪಕ್ಕೆ ಹೋಗಿ ಅಲ್ಲಿಂದ ಇನ್ನೊಂದು ಬಸ್ಸು ಹಿಡಿಯುತ್ತಿದ್ದಳು. ನಾನು ಅವಳಿಗಿಂತ ಮೊದಲೇ ಎದ್ದು ಕಡುಬು ಬೇಯಿಸಿ ಡಬ್ಬಿಗೆ ತುಂಬುತ್ತಿದ್ದೆ. ಹೇಳಬೇಕಾದ ಮಾತು ಬಾಯಿಗೆ ಬರದಿದ್ದಾಗ ನನ್ನ ಕೈ ಅಕ್ಕಿ ನೆನೆಹಾಕುತ್ತದೆ. "ದಿನಾ ಕಡುಬು ಯಾಕೆ ಮಾರಾಯ್ತಿ? ನನ್ನೆಂತ ಬಾಣಂತಿ ಅಂದ್ಕೊಂಡಿದೀಯಾ?" ಎಂದು ಅವಳು ಗೊಣಗುತ್ತಿದ್ದಳು. ಮರುದಿನ ಒತ್ತುಶ್ಯಾವಿಗೆ ಮಾಡಿದೆ.

ಒಂದು ಭಾನುವಾರ ಸುಮಾ ಬಟ್ಟೆ ಮಡಚುತ್ತಾ, ಬಾಳಗಡಿಯ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಖಾಲಿ ಇದೆ, ನಾಳೆ ಹೋಗಿ ಕೇಳುತ್ತೇನೆ ಎಂದಳು. ಬಸ್ಸಿನ ಓಡಾಟ ಸಾಕಾಯಿತೇ ಎಂದು ಕೇಳಿದೆ.

"ಬಸ್ಸಿಗೆಂತ, ಅಭ್ಯಾಸ ಆಗಿದೆ" ಎಂದಳು. "ಅಕ್ಕಾ, ನಾನು ಆ ಮಕ್ಕಳಿಗೆ ಅಷ್ಟೊಂದು ಗದರ್ತಿದ್ನಾ?"

"ಯಾವ ಮಕ್ಕಳಿಗೆ?"

"ಹಳೇ ಶಾಲೆಯವ್ರಿಗೆ. ಇಲ್ಲ ಅಂತ ಒತ್ತಕ್ಕೆ ಹೆದರಿದಾವೆ ಅಂದ್ರೆ ನಾನು ಎಂಥ ಟೀಚರ್ ಇರಬೇಕು? ಈಗ ಕ್ಲಾಸಲ್ಲಿ ಅರ್ಥ ಆಯ್ತಾ ಅಂತ ಕೇಳಕ್ಕೇ ಬಾಯಿ ಬರಲ್ಲ. ಹೌದು ಅಂದ್ರೂ ನಂಬಿಕೆ ಇಲ್ಲ. ಈ ಕೆಲಸ ನಂಗೆ ಹೇಳಿದ್ದಲ್ಲ ಬಿಡು."

ಅವಳ ಕೈಯಿಂದ ಒಂದು ಶಾಲೆ ತಪ್ಪಿಸಿದೆನೆಂದಷ್ಟೇ ನಾನು ಇಷ್ಟು ದಿನ ತಿಳಿದಿದ್ದೆ. ಒಲೆಯ ಮೇಲೆ ಹಾಲು ಉಕ್ಕುವುದರಲ್ಲಿತ್ತು. ಎದ್ದು ಹೋಗಲು ಅಷ್ಟು ಒಳ್ಳೆಯ ನೆಪ ಮತ್ತೆ ಸಿಗುತ್ತಿರಲಿಲ್ಲ. ಹಾಲು ಉಕ್ಕಿತು. ನಾನು ಕೂತಲ್ಲಿಂದ ಏಳಲಿಲ್ಲ.

"ಸುಮಾ, ಅವು ನಿಂಗೆ ಹೆದರಿ ಒತ್ತಿದ್ದಲ್ಲ ಕಣೇ. ಊಟಕ್ಕೆ ತಡ ಆಗ್ತದೆ ಅಂತ ನಾನೇ ಒತ್ತಿಸಿದ್ದು. ಸಾಹೇಬ್ರು ಕೇಳಿದಾಗ ನಾನು ಬಾಗಿಲಲ್ಲೇ ಇದ್ದೆ, ಬಾಯಿ ಬಿಡ್ಲಿಲ್ಲ. ನಂದು ತಪ್ಪಾಯ್ತು."