ಮೆಟ್ಟಿಲು ಇಳಿದರೆ ನಿಲ್ಲುವ ನೆಟ್

ತುರ್ವಿಹಾಳದ ಶಾಕೀರಾ ರವಿಕೆ ಹೊಲಿಯುವವಳು. ಹೊಸ ಮಾದರಿಗಳನ್ನು ಗಿರಾಕಿಗಳಿಗೆ ಫೋನಿನಲ್ಲೇ ತೋರಿಸುತ್ತಾಳೆ. ಹಳೆಯ ಫೋನಿಗೆ ಬೇರೆ ಕಂಪನಿಯ ಹೊಸ ಸಿಮ್ ಹಾಕಿದಂದಿನಿಂದ ಕರೆ ಹೋಗುತ್ತಿತ್ತು, ನೆಟ್ ಮಾತ್ರ ತೆರೆಯುತ್ತಿರಲಿಲ್ಲ. ಹೊಲಿಗೆ ಬಿಟ್ಟು ಎರಡು ಸಲ ಬಸ್ಸು ಹತ್ತಿ ಸಿಂಧನೂರಿಗೆ, ಗಂಗಾಧರನ ಮೊಬೈಲ್ ಅಂಗಡಿಗೆ ಹೋದಳು. ಎರಡು ಸಲವೂ ಅವನ ಕೌಂಟರಿನ ಮೇಲೆ ನೆಟ್ ಓಡಿತು, ಊರಿಗೆ ಬಂದು ನೋಡಿದರೆ ಇಲ್ಲ.

ಮೂರನೆಯ ಸಲ ಅಂಗಡಿಯ ಮೆಟ್ಟಿಲು ಇಳಿಯುತ್ತಲೇ ನೆಟ್ ನಿಂತಿತು. ಶಾಕೀರಾ ತಿರುಗಿ ಒಳಗೆ ಹೋದಳು.

“ಫೋನಿಗೆ ವಯಸ್ಸಾಗೈತಿ ಅಕ್ಕಾ, ಹೊಸಾದು ತಗೋರಿ,” ಎಂದ ಗಂಗಾಧರ.

ಅವಳಿಗೆ ಮೈಯೆಲ್ಲ ಉರಿಯಿತು. “ಇಲ್ಲೀತನಕ ನಿನ್ನ ಅಂಗಡಿ ವೈಫೈದಾಗ ಓಡಿಸಿ ತೋರಿಸಿದಿ, ಹೌದಿಲ್ಲೋ? ಅದನ್ನ ಬಂದ್ ಮಾಡಿ ನನ್ನ ಸಿಮ್ಮಿನ ಮ್ಯಾಲ ಓಡಿಸು!”

ಓಡಲಿಲ್ಲ. ಆಗ ಅವನು ಮೊದಲ ಬಾರಿಗೆ ಸೆಟ್ಟಿಂಗ್ಸ್ ತೆರೆದು ನೋಡಿದ. ಫೋನಿಗೆ ನೆಟ್ಟಿನ ದಾರಿ ತೋರಿಸುವ ಎಪಿಎನ್ ಎಂಬಲ್ಲಿ ಹೊಸ ಸಿಮ್ಮಿನ ಹೆಸರು ಇರಬೇಕಾದ ಜಾಗದಲ್ಲಿ ಹಳೆಯ ಸಿಮ್ಮಿನದೇ ಕೂತಿತ್ತು. ತಿದ್ದಿದ ಕೂಡಲೇ ರವಿಕೆಗಳ ಚಿತ್ರಗಳು ಸಾಲಾಗಿ ಬಂದವು.

ಶಾಕೀರಾ ಫೋನು ಕಸಿದುಕೊಂಡಳು. “ರವಿಕಿ ಬಿಗಿ ಆದ್ರ ನಾ ನನ್ನ ಹೊಲಿಗಿ ಬಿಚ್ಚಿ ನೋಡ್ತೀನಿ. ಬ್ಯಾರೆ ಮೈ ತಗೊಂಡು ಬಾ ಅಂತ ಗಿರಾಕಿಗೆ ಹೇಳಂಗಿಲ್ಲ!”