ಕುರಿಮರಿ ತಿಂದ ಚಿತ್ರ

ಶನಿವಾರ, ಬೆಳಿಗ್ಗೆ ಎಂಟು ಗಂಟೆ. ರನ್ನ ಬೆಳಗಲಿಯ ಸಾಲೆಯಲ್ಲಿ ಮಕ್ಕಳಿಗೆ ನೆರವಾಗಲು ಬಂದ ನಿವೃತ್ತ ಮಾಸ್ತರನಾದ ನಾನು, ಮಕ್ಕಳು, ಕಂಬಳಿ ನೇಯುವ ಅಜ್ಜಿ ಮತ್ತು ಆಕೆಯ ಕುರಿಮರಿ ಹಾಜರಿದ್ದೆವು. ಉಣ್ಣೆ ಕಂಬಳಿಯಾಗುವ ಬಗೆಯನ್ನು ಮಕ್ಕಳು ಅಜ್ಜಿಯಿಂದ ಕೇಳಿ, ಒಬ್ಬೊಬ್ಬರು ಒಂದೊಂದು ಚಿತ್ರ ಬರೆದು ಕಥೆ ಮಾಡಿದ್ದರು. ಕಂಬಳಿಗೆ ಹಚ್ಚುವ ಹುಣಸೆಬೀಜದ ಗಂಜಿಯಿಂದಲೇ ಆ ಚಿತ್ರಗಳನ್ನು ಸಾಲಾಗಿ ಗೋಡೆಗೆ ಅಂಟಿಸಿದೆವು. ನಾನು ಸಾಲು ನೆಟ್ಟಗೆ ಮಾಡುವಷ್ಟರಲ್ಲಿ ಕುರಿಮರಿ ಗಂಜಿ ನೆಕ್ಕುತ್ತ ಕೊನೆಯ ಚಿತ್ರವನ್ನೇ ತಿಂದುಬಿಟ್ಟಿತು. ಕಂಬಳಿ ಹೊದ್ದ ಅಜ್ಜಿಯ ಚಿತ್ರವದು.

“ಸರ, ನಮ್ಮವ್ವ ನೋಡಾಕ ಬರಾಕತ್ತಾಳ್ರೀ!” ಎಂದು ಅದನ್ನು ಬರೆದ ಹುಡುಗಿ ಅತ್ತಳು.

“ಅಳಬ್ಯಾಡ ಯವ್ವಾ, ಅಲ್ಲಿ ನಾನ ನಿಂದರ್ತೇನಿ,” ಎಂದ ಅಜ್ಜಿ ಕಂಬಳಿ ಹೊದ್ದು ಖಾಲಿ ಜಾಗದಲ್ಲಿ ನಿಂತಳು.

ತಾಯಿ ಬಂದಾಗ ಅಜ್ಜಿಯೇ ಹೇಳಿದಳು: “ನಿನ್ನ ಮಗಳು ಬರದ ಚಿತ್ರ ಬೇ. ಮೂಗು ಛಲೋ ಬಂದೈತಿಲ್ಲ?”

ತಾಯಿಯೂ ಮಗಳೂ ಬಿದ್ದು ಬಿದ್ದು ನಕ್ಕರು. ನಾನಂತೂ ನಗು ತಡೆಯಲಾರದೆ ನೆಲದ ಮೇಲೆ ಕುಳಿತೇಬಿಟ್ಟೆ. ಎಲ್ಲರೂ ಹೋದ ಮೇಲೆ, ಇನ್ನೂ ನಗುತ್ತಲೇ, ಕಸ ಗುಡಿಸಿ ಕೋಣೆಗೆ ಬೀಗ ಹಾಕಿದೆ.